ಒಂದು ದಿನದ ದಾರಿ ನಡೆದರೂ ಮಗ ಜೊತೆಯಲ್ಲಿಲ್ಲದ್ದು ಗೊತ್ತಾಗಲಿಲ್ಲವೇ?

ಪ್ರಶ್ನೆ: ನಾನು ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಈ ಸಲದ ವಾರ್ಷಿಕೋತ್ಸವಕ್ಕೆ ಹನ್ನೆರಡು ವರ್ಷದ ಯೇಸು ಯೆರೂಸಲೇಮಿನ ದೇವಾಲಯದಲ್ಲೇ ಉಳಿದುಕೊಂಡ ಪ್ರಸಂಗವನ್ನು ಮಕ್ಕಳಿಂದ ನಾಟಕವಾಗಿ ಆಡಿಸುತ್ತಿದ್ದೇವೆ. ಅಭ್ಯಾಸದ ವೇಳೆ ಒಬ್ಬ ಹುಡುಗಿ, "ಇಡೀ ದಿನ ನಡೆದರೂ ಮಗ ಇಲ್ಲ ಎನ್ನುವುದು ಅವರ ಅಮ್ಮನಿಗೆ ಗೊತ್ತಾಗಲಿಲ್ಲವಾ?" ಎಂದು ಕೇಳಿದಳು. ನಾನೂ ತಾಯಿ, ನನ್ನಲ್ಲಿ ಉತ್ತರವಿರಲಿಲ್ಲ. ಆ ಕಾಲದಲ್ಲಿ ಗಂಡಸರು ಮುಂದೆ, ಹೆಂಗಸರು ಹಿಂದೆ ಬೇರೆ ಬೇರೆ ಗುಂಪಾಗಿ ನಡೆಯುತ್ತಿದ್ದರು, ಆದ್ದರಿಂದ ಮಗ ಇನ್ನೊಬ್ಬರ ಜೊತೆಯಲ್ಲಿದ್ದಾನೆಂದು ಇಬ್ಬರೂ ಅಂದುಕೊಂಡರು ಎಂದು ಹಿಂದೊಮ್ಮೆ ಸಭೆಯ ಬೋಧನೆಯಲ್ಲಿ ಕೇಳಿದ ನೆನಪು. ಇದು ನಿಜವೇ? ಅವರು ಯಾವ ದಾರಿಯಲ್ಲಿ ಹೋಗಿರಬಹುದು? ಯೆಹೂದ್ಯರು ತಮಗೆ ಆಗದ ಸಮಾರ್ಯದವರ ನೆಲವನ್ನೇ ತುಳಿಯುತ್ತಿರಲಿಲ್ಲ ಎನ್ನುತ್ತಾರಲ್ಲ? ರಂಗದ ಮೇಲೆ ಒಂಟೆಗಳನ್ನು ತೋರಿಸಬಹುದೇ?

ಉತ್ತರ: ಪ್ರಿಯ ಸಹೋದರಿಯವರೇ, ಆ ಹುಡುಗಿಯ ಪ್ರಶ್ನೆಯನ್ನು ದಯವಿಟ್ಟು ತಳ್ಳಿಹಾಕಬೇಡಿ. ಬೈಬಲ್ ಕಾಲದ ಚರಿತ್ರೆಯನ್ನು ಪಾಠ ಹೇಳುವ ನನ್ನ ಮುಂದೆ ಈ ಪ್ರಶ್ನೆ ಮತ್ತೆ ಮತ್ತೆ ಬಂದಿದೆ. ಕೇಳುವವರಲ್ಲಿ ಹೆಚ್ಚಿನವರು ತಾಯಂದಿರು. ಅವರ ಮಾತಿನ ಹಿಂದೆ ಚರಿತ್ರೆಯ ಕುತೂಹಲಕ್ಕಿಂತ ದೊಡ್ಡದೊಂದು ಅಳುಕು ಇರುತ್ತದೆ. ಮರಿಯಳೂ ಯೋಸೇಫನೂ ಮಗನ ವಿಷಯದಲ್ಲಿ ಅಜಾಗರೂಕರಾಗಿದ್ದರೇ ಎಂಬುದೇ ಆ ಅಳುಕು. ಅಂದಿನ ಪ್ರಯಾಣ ಹೇಗೆ ನಡೆಯುತ್ತಿತ್ತು ಎಂಬುದನ್ನು ತಿಳಿದುಕೊಂಡರೆ ಇದಕ್ಕೆ ಉತ್ತರ ಸಿಗುತ್ತದೆ ಎಂಬುದು ನನ್ನ ನಂಬಿಕೆ.

ಮೊದಲು ಲೂಕನು ತನ್ನ ಸುವಾರ್ತೆಯಲ್ಲಿ ಬರೆದಿರುವುದಿಷ್ಟು. ತಂದೆತಾಯಿಗಳು ಪ್ರತಿ ವರ್ಷ ಯೆಹೂದ್ಯರ ಪಸ್ಕ ಹಬ್ಬಕ್ಕೆ ಯೆರೂಸಲೇಮಿಗೆ ಹೋಗುತ್ತಿದ್ದರು. ಮಗನಿಗೆ ಹನ್ನೆರಡು ವರ್ಷವಾದಾಗಲೂ ವಾಡಿಕೆಯಂತೆ ಹೋಗಿ, ಹಬ್ಬದ ದಿನಗಳನ್ನು ಮುಗಿಸಿ ಹಿಂದಿರುಗಿದರು. ಹುಡುಗ ಅಲ್ಲೇ ಉಳಿದದ್ದು ಅವರಿಗೆ ತಿಳಿಯಲಿಲ್ಲ. ಅವನು ಜೊತೆಯ ಯಾತ್ರಿಕರಲ್ಲೇ ಇದ್ದಾನೆಂದುಕೊಂಡು ಒಂದು ದಿನದ ದಾರಿ ನಡೆದರು. ಆಮೇಲೆ ಬಂಧುಗಳಲ್ಲೂ ಪರಿಚಯದವರಲ್ಲೂ ಹುಡುಕಿದರು. ಕಾಣದೆ ಯೆರೂಸಲೇಮಿಗೆ ಹಿಂದಿರುಗಿದರು. ಮೂರು ದಿನದ ಮೇಲೆ ಅವನು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತಿರುವುದನ್ನು ಕಂಡರು. ಗಂಡಸರ ಗುಂಪು, ಹೆಂಗಸರ ಗುಂಪು ಎಂಬ ಮಾತು ಇಲ್ಲೆಲ್ಲೂ ಇಲ್ಲ. ಗಂಡಹೆಂಡಿರು ಬೇರೆಬೇರೆಯಾಗಿ ನಡೆದರೆಂದಾಗಲಿ, ಸಂಜೆ ಒಬ್ಬರನ್ನೊಬ್ಬರು ಕಂಡಾಗಲೇ ಗೊತ್ತಾಯಿತೆಂದಾಗಲಿ ಲೂಕನು ಹೇಳುವುದಿಲ್ಲ. ಅವನ ವಾಕ್ಯಗಳಲ್ಲಿ ಇಬ್ಬರೂ ಒಟ್ಟಿಗೇ ಅಂದುಕೊಳ್ಳುತ್ತಾರೆ, ಒಟ್ಟಿಗೇ ಹುಡುಕುತ್ತಾರೆ.

ಹಾಗಾದರೆ ಬೋಧನೆಯಲ್ಲಿ ನೀವು ಕೇಳಿದ ವಿವರಣೆ ಎಲ್ಲಿಂದ ಬಂತು? ಅದು ಇಂದಿನ ಬೋಧಕರ ಕಲ್ಪನೆಯಲ್ಲ, ಬಹಳ ಹಳೆಯದು. ಎಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಉತ್ತರ ಭಾಗದ ಮಠವೊಂದರಲ್ಲಿದ್ದ ಸಂನ್ಯಾಸಿ ಬೀಡ್ ಲೂಕನ ಸುವಾರ್ತೆಗೆ ಬರೆದ ವ್ಯಾಖ್ಯಾನದಲ್ಲಿ ಇದು ಸಿಗುತ್ತದೆ. ಇಸ್ರಾಯೇಲ್ಯರು ಹಬ್ಬಗಳಿಗೆ ಹೋಗಿಬರುವಾಗ ಗಂಡಸರು ಒಂದು ಗುಂಪಾಗಿಯೂ ಹೆಂಗಸರು ಇನ್ನೊಂದು ಗುಂಪಾಗಿಯೂ ನಡೆಯುತ್ತಿದ್ದರು, ಮಕ್ಕಳು ತಂದೆ ತಾಯಿ ಇಬ್ಬರಲ್ಲಿ ಯಾರ ಜೊತೆಗಾದರೂ ಹೋಗಬಹುದಿತ್ತು ಎಂದು ಅವನು ಬರೆದ. ಕ್ರಿ.ಶ. 735ರಲ್ಲಿ ತೀರಿಕೊಂಡ ಬೀಡ್ ದೊಡ್ಡ ವಿದ್ವಾಂಸ, ಭಕ್ತ. ಆದರೆ ಈ ಘಟನೆಗೂ ಅವನಿಗೂ ಏಳುನೂರು ವರ್ಷಗಳ ಅಂತರವಿದೆ, ಅವನು ಪಲೆಸ್ತೀನವನ್ನು ಕಂಡವನೂ ಅಲ್ಲ. ಮೊದಲ ಶತಮಾನದ ಬರಹಗಳಲ್ಲಿ ಇಂಥ ನಿಯಮಕ್ಕೆ ಆಧಾರ ನನಗೆ ಕಂಡಿಲ್ಲ. ಬೈಬಲಿನಲ್ಲಿರುವ ಸೂಚನೆಗಳೆಲ್ಲ ಬೇರೆ ಕಡೆಗೇ ಬೆರಳು ತೋರಿಸುತ್ತವೆ. ಸಮುವೇಲನ ಮೊದಲನೆಯ ಪುಸ್ತಕದ ಆರಂಭದಲ್ಲಿ ಎಲ್ಕಾನನು ತನ್ನ ಹೆಂಡತಿಯರಾದ ಹನ್ನಳನ್ನೂ ಪೆನಿನ್ನಳನ್ನೂ ಮಕ್ಕಳನ್ನೂ ಕರೆದುಕೊಂಡು ವರ್ಷವರ್ಷ ಆಗಿನ ಆರಾಧನಾ ಸ್ಥಳವಾದ ಶೀಲೋವಿಗೆ ಹೋಗುತ್ತಾನೆ; ಅದು ಇಡೀ ಕುಟುಂಬದ ಯಾತ್ರೆ. ಲೂಕನೇ ಎಂಟನೆಯ ಅಧ್ಯಾಯದಲ್ಲಿ ಮಗ್ದಲದ ಮರಿಯ, ಕೂಜನ ಹೆಂಡತಿ ಯೊಹಾನ, ಸುಸನ್ನ ಮೊದಲಾದ ಸ್ತ್ರೀಯರು ಯೇಸುವಿನ ಮತ್ತು ಹನ್ನೆರಡು ಮಂದಿ ಶಿಷ್ಯರ ಜೊತೆ ಊರೂರು ಸಂಚರಿಸಿದರೆಂದು ಹೇಳುತ್ತಾನೆ. ಗಲಿಲಾಯದಿಂದ ಯೆರೂಸಲೇಮಿನವರೆಗೂ ಅನೇಕ ಹೆಂಗಸರು ಯೇಸುವಿನೊಡನೆ ಬಂದಿದ್ದರೆಂದು ಮಾರ್ಕನು ಶಿಲುಬೆಯನ್ನು ದೂರದಿಂದ ನೋಡುತ್ತಿದ್ದವರನ್ನು ಹೆಸರಿಸುವಾಗ ಬರೆದಿದ್ದಾನೆ. ಸುದೀರ್ಘ ನಡಿಗೆಯಲ್ಲಿ ಹೆಂಗಸರು ಹೆಂಗಸರ ಜೊತೆ ಮಾತಾಡುತ್ತ, ಗಂಡಸರು ಗಂಡಸರ ಜೊತೆ ಸಾಗುವುದು ಸಹಜ. ಸಹಜವಾದದ್ದನ್ನು ಕಟ್ಟಳೆಯೆಂದು ಹೇಳಿದಾಗಲೇ ತಪ್ಪಾಗುವುದು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಆ ತಂದೆತಾಯಿಗಳು ಒಂದು ದಿನ ಪೂರ್ತಿ ನಿಶ್ಚಿಂತೆಯಿಂದ ಇದ್ದದ್ದು ಹೇಗೆ? ಅವರ ಸುತ್ತ ನಡೆಯುತ್ತಿದ್ದ ಜನ ಯಾರು ಎಂಬುದರಲ್ಲೇ ಇದಕ್ಕೆ ಉತ್ತರವಿದೆ. ಅವರ ಊರಾದ, ಗಲಿಲಾಯದ ನಜರೇತ್ ಅಂದು ಕೆಲವೇ ನೂರು ಜನರಿದ್ದ ಸಣ್ಣ ಹಳ್ಳಿಯೆಂದು ಉತ್ಖನನ ನಡೆಸಿದವರು ಅಂದಾಜು ಮಾಡುತ್ತಾರೆ. ಅಂಥ ಊರಿನಲ್ಲಿ ಬಂಧುಗಳಲ್ಲದವರು ವಿರಳ, ಪರಿಚಯವಿಲ್ಲದವರಂತೂ ಇಲ್ಲವೇ ಇಲ್ಲ. ಹಬ್ಬಕ್ಕೆ ಹೊರಟಾಗ ಆ ಊರಿನ ಒಂದು ಭಾಗವೇ ರಸ್ತೆಯ ಮೇಲೆ ನಡೆಯುತ್ತಿತ್ತು ಎನ್ನಬೇಕು. ಚಿಕ್ಕಪ್ಪ, ದೊಡ್ಡಮ್ಮ, ಸೋದರಮಾವ, ಪಕ್ಕದ ಮನೆಯವರು, ಯೋಸೇಫನಿಂದ ನೇಗಿಲು ಮಾಡಿಸಿಕೊಂಡವರು, ಹೀಗೆ ಎಲ್ಲರೂ ಆ ಹುಡುಗನನ್ನು ಹುಟ್ಟಿದಾಗಿನಿಂದ ಬಲ್ಲವರು. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಗುಂಪಿನಲ್ಲಿ ನಡೆಯಬಲ್ಲ ವಯಸ್ಸಿನ ಹುಡುಗನೊಬ್ಬ ಬೆಳಿಗ್ಗೆ ಮಾವನ ಜೊತೆ, ಮಧ್ಯಾಹ್ನ ಗೆಳೆಯರ ಜೊತೆ ಹೆಜ್ಜೆ ಹಾಕಿದರೆ ಯಾವ ತಾಯಿಯೂ ಗಾಬರಿಯಾಗುವುದಿಲ್ಲ. ಹನ್ನೆರಡು ವರ್ಷವೆಂದರೆ ಅಂದಿನ ಮನೆಯಲ್ಲಿ ಕೆಲಸಕ್ಕೆ ಒದಗುವ ವಯಸ್ಸು. ಅವನನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳಬೇಕೆಂದು ಯಾರೂ ನಿರೀಕ್ಷಿಸುತ್ತಿರಲಿಲ್ಲ. ಕುಟುಂಬದವರೆಲ್ಲ ಒಂದೆಡೆ ಸೇರುವ ಸಮಯವೆಂದರೆ ಸಂಜೆಯ ತಂಗುದಾಣ, ರಾತ್ರಿಯ ಊಟ. ಒಂದು ದಿನದ ದಾರಿಯಾದ ಮೇಲೆ ಹುಡುಕಿದರೆಂದು ಲೂಕನು ಹೇಳುವುದು ಇದಕ್ಕೆ ಸರಿಯಾಗಿ ಹೊಂದುತ್ತದೆ. ಹಗಲಿನ ನಂಬಿಕೆಯೂ ಸಂಜೆಯ ಗಾಬರಿಯೂ ಒಂದೇ ವ್ಯವಸ್ಥೆಯ ಎರಡು ಮುಖಗಳು: ಮಗುವನ್ನು ಎಲ್ಲರೂ ನೋಡಿಕೊಳ್ಳುತ್ತಾರೆ ಎನ್ನುವಲ್ಲಿ ಇಂಥವರೇ ನೋಡುತ್ತಿದ್ದಾರೆ ಎಂಬುದು ತಪ್ಪಿಹೋಗಬಹುದು. ಅಂದು ನಡೆದದ್ದು ಅದೇ ಎಂದು ನನಗನ್ನಿಸುತ್ತದೆ.

ಇಷ್ಟು ದೊಡ್ಡ ಗುಂಪಾಗಿ ಹೋಗುವ ಅಗತ್ಯವೇನಿತ್ತು ಎಂದು ಮಕ್ಕಳು ಕೇಳಿಯಾರು. ಮೊದಲ ಕಾರಣ ಭಯ. ಯೆರೂಸಲೇಮಿನಿಂದ ಯೆರಿಕೋವಿಗೆ ಒಬ್ಬನೇ ಇಳಿದು ಹೋಗುತ್ತಿದ್ದ ಮನುಷ್ಯ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾದ ಕತೆಯನ್ನು ಯೇಸು ಹೇಳಿದಾಗ, ಹೀಗೂ ಆಗುತ್ತದೆಯೇ ಎಂದು ಕೇಳಿದವರಿಗೆ ಅನ್ನಿಸಿರಲಾರದು; ಆ ದಾರಿಯನ್ನು ಅವರು ಬಲ್ಲರು. ಬಾಬೆಲಿನಿಂದ ಜನರನ್ನು ಕರೆತಂದ ಎಜ್ರನು ದಾರಿಯ ಶತ್ರುಗಳಿಂದ ಕಾಪಾಡಲು ಸೈನಿಕರನ್ನು ಕೊಡೆಂದು ಅರಸನನ್ನು ಕೇಳಲು ನಾಚಿಕೊಂಡು, ಅಹವಾ ಹೊಳೆಯ ಬಳಿ ಉಪವಾಸವನ್ನು ಸಾರಿದ. ಆ ಪ್ರಯಾಣಕ್ಕೆ ನಾಲ್ಕು ತಿಂಗಳು ಹಿಡಿಯಿತು. ಎರಡನೆಯ ಕಾರಣ ಸಾಕ್ಷ್ಯ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಒಯ್ಯುವಾಗ ತನ್ನ ಮೇಲೆ ಯಾರೂ ಬೆರಳು ತೋರಿಸಬಾರದೆಂದು ಪೌಲನು ಸಭೆಗಳು ನೇಮಿಸಿದವರನ್ನೇ ಜೊತೆಗಿಟ್ಟುಕೊಂಡ. ಅಪೊಸ್ತಲರ ಕೃತ್ಯಗಳ ಇಪ್ಪತ್ತನೆಯ ಅಧ್ಯಾಯದಲ್ಲಿ ಅವನ ಜೊತೆಗಿದ್ದ ಏಳು ಮಂದಿಯ ಹೆಸರುಗಳನ್ನು, ಹೆಚ್ಚಿನವರ ಊರು ಅಥವಾ ಪ್ರಾಂತದ ಸಮೇತ, ಕೊಟ್ಟಿದೆ. ಯೇಸು ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಳುಹಿಸಿದ್ದೂ ಇದೇ ಲೋಕದ ರೀತಿ.

ಮೂರನೆಯ ಕಾರಣ ಸಂತೋಷ. ಇದನ್ನು ನಾವು ಮರೆಯುತ್ತೇವೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯೆಹೂದ್ಯರ ಮಿಷ್ನಾ ಎಂಬ ಗ್ರಂಥ ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದದ್ದು, ಕ್ರಿ.ಶ. 70ರಲ್ಲಿ ನಾಶವಾದ ದೇವಾಲಯದ ಕಾಲದ ನೆನಪುಗಳು ಅದರಲ್ಲಿವೆ. ಪ್ರಥಮಫಲವನ್ನು, ಅಂದರೆ ಆ ವರ್ಷದ ಬೆಳೆಯ ಮೊದಲ ಫಲವನ್ನು, ಯೆರೂಸಲೇಮಿಗೆ ಒಯ್ಯುವವರ ಚಿತ್ರ ಅಲ್ಲಿ ಹೀಗಿದೆ: ಸುತ್ತಲಿನ ಹಳ್ಳಿಗಳವರೆಲ್ಲ ಒಂದು ಮುಖ್ಯ ಊರಿನಲ್ಲಿ ಕೂಡುತ್ತಾರೆ, ರಾತ್ರಿ ಯಾರ ಮನೆಯೊಳಕ್ಕೂ ಹೋಗದೆ ಊರಿನ ಬಯಲಿನಲ್ಲೇ ಮಲಗುತ್ತಾರೆ, ನಸುಕಿನಲ್ಲಿ ಮುಂದಾಳು, ಏಳಿರಿ, ಚೀಯೋನಿಗೆ, ನಮ್ಮ ದೇವರ ಆಲಯಕ್ಕೆ ಹೋಗೋಣ ಎಂದು ಕೂಗುತ್ತಾನೆ. ಮುಂದೆ ಒಂದು ಎತ್ತು ನಡೆಯುತ್ತದೆ, ಅದರ ಕೊಂಬುಗಳಿಗೆ ಚಿನ್ನದ ಹೊದಿಕೆ, ತಲೆಗೆ ಆಲಿವ್ ಎಲೆಗಳ ಕಿರೀಟ. ಯೆರೂಸಲೇಮ್ ಹತ್ತಿರವಾಗುವವರೆಗೂ ಕೊಳಲು ನುಡಿಸುತ್ತ ಸಾಗುತ್ತಾರೆ. ಹತ್ತಿರದ ಊರಿನವರು ಹಸಿ ಅಂಜೂರವನ್ನೂ ದ್ರಾಕ್ಷಿಯನ್ನೂ ತರುತ್ತಾರೆ, ದೂರದವರು ಒಣಗಿಸಿದ್ದನ್ನು ತರುತ್ತಾರೆ. ಇದು ಪಸ್ಕದ ಯಾತ್ರೆಯ ವರ್ಣನೆಯಲ್ಲ. ಪ್ರಥಮಫಲದ ಕಾಲ ಅದರ ನಂತರದ್ದು. ಆದರೂ ಜನ ಹೇಗೆ ಕೂಡಿ ಹೊರಡುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ಬೇರೆಯಿಲ್ಲ. ಕೀರ್ತನೆಗಳಲ್ಲಿ 120ರಿಂದ 134ರವರೆಗಿನ ಹದಿನೈದು ಯಾತ್ರಾಗೀತೆಗಳನ್ನು ಈ ಹಿನ್ನೆಲೆಯಲ್ಲಿ ಮಕ್ಕಳಿಗೆ ಓದಿ ಹೇಳಿ. ಕಾಲು ಜಾರದಂತೆ ನೋಡುವವನು, ಹಗಲಲ್ಲಿ ಸೂರ್ಯನೂ ಇರುಳಲ್ಲಿ ಚಂದ್ರನೂ ಬಾಧಿಸದಂತೆ ಕಾಯುವವನು ಎಂಬ 121ನೆಯ ಕೀರ್ತನೆಯ ಮಾತುಗಳು ನಡೆದು ದಣಿದವರಿಗೆ ಎಷ್ಟು ಹತ್ತಿರದವು ಎಂಬುದು ಅವರಿಗೇ ಹೊಳೆಯುತ್ತದೆ.

ಮಗನನ್ನು ಕರೆದೊಯ್ದದ್ದು ಹದಿಮೂರರಲ್ಲಿ ಯೆಹೂದಿ ಹುಡುಗ ಧರ್ಮದ ಹೊಣೆ ಹೊರುವ ಬಾರ್ ಮಿಟ್ಸ್ವಾ ವಿಧಿಯ ಸಿದ್ಧತೆಗೆ ಎಂದು ಕೆಲವರು ವಿವರಿಸುತ್ತಾರೆ. ಆ ಸಮಾರಂಭ ರೂಪುಗೊಂಡದ್ದು ಮಧ್ಯಯುಗದಲ್ಲಿ. ಅದನ್ನು ಈ ಕತೆಗೆ ತರಬೇಡಿ. ಗಂಡಸರೆಲ್ಲರೂ ವರ್ಷಕ್ಕೆ ಮೂರು ಸಲ ದೇವರ ಸನ್ನಿಧಿಗೆ ಬರಬೇಕೆಂದು ಧರ್ಮೋಪದೇಶಕಾಂಡ ವಿಧಿಸಿತ್ತು. ಹೆಂಗಸರಿಗೆ ಆ ಕಡ್ಡಾಯವಿರಲಿಲ್ಲ. ಕಡ್ಡಾಯವಿಲ್ಲದಿದ್ದರೂ ಮರಿಯಳು ಪ್ರತಿ ವರ್ಷ ನಡೆದು ಹೋಗುತ್ತಿದ್ದಳು ಎಂಬುದು ಅವಳ ಭಕ್ತಿಯ ಬಗ್ಗೆ ಬಹಳ ಹೇಳುತ್ತದೆ. ನಾಟಕದಲ್ಲಿ ಇದಕ್ಕೊಂದು ಮಾತು ಮೀಸಲಿಡಿ ಎಂದು ನಾನು ಕೇಳಿಕೊಳ್ಳುತ್ತೇನೆ.

ದಾರಿಯ ವಿಷಯ. ನಜರೇತಿನಿಂದ ಯೆರೂಸಲೇಮಿಗೆ ಮುಖ್ಯವಾಗಿ ಎರಡು ದಾರಿಗಳಿದ್ದವು. ಕರಾವಳಿಯ ಬಯಲಿನ ಮೂರನೆಯ ದಾರಿ ಸುತ್ತಿನದು, ವರ್ತಕರ ಓಡಾಟದ್ದು, ನಮ್ಮ ಯಾತ್ರಿಕರಿಗೆ ಅಷ್ಟು ಅನುಕೂಲದ್ದಲ್ಲ. ಮೊದಲನೆಯದು ಬೆಟ್ಟದ ಸಾಲಿನ ಮೇಲೆ ಸಮಾರ್ಯದ ನಡುವೆ ಸಾಗುತ್ತದೆ. ಸುಮಾರು 120 ಕಿಲೋಮೀಟರ್. ದಿನಕ್ಕೆ 25-30 ಕಿಲೋಮೀಟರ್ ನಡೆದರೆ ನಾಲ್ಕೈದು ದಿನ, ಆತುರಪಡುವವರಿಗೆ ಮೂರೇ ದಿನ. ಎರಡನೆಯದು ಬೇತ್‌ಷೆಯಾನಿನ ಕಡೆಗೆ ಇಳಿದು, ಯೊರ್ದನ್ ಕಣಿವೆಯಲ್ಲಿ ದಕ್ಷಿಣಕ್ಕೆ ಸಾಗಿ, ಯೆರಿಕೋವಿನಿಂದ ಮತ್ತೆ ಹತ್ತುವ ದಾರಿ. ಸುಮಾರು 150 ಕಿಲೋಮೀಟರ್, ಒಂದೆರಡು ದಿನ ಹೆಚ್ಚು. ಕಣಿವೆಯ ನೆಲ ಸಮತಟ್ಟು, ಪಸ್ಕ ಬರುವ ಮಾರ್ಚ್-ಏಪ್ರಿಲ್ ಹೊತ್ತಿಗೆ ಅಲ್ಲಿನ ಬಿಸಿಲೂ ತಡೆಯುವಂಥದ್ದು. ಆದರೆ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿರುವ ಯೆರಿಕೋವಿನಿಂದ 750 ಮೀಟರಿಗೂ ಎತ್ತರದಲ್ಲಿರುವ ಯೆರೂಸಲೇಮಿಗೆ, ಕೊನೆಯ 25 ಕಿಲೋಮೀಟರಿನಲ್ಲಿ, ನೀರಿಲ್ಲದ ಬೋಳುಗುಡ್ಡಗಳ ನಡುವೆ ಒಂದು ಸಾವಿರ ಮೀಟರ್ ಏರಬೇಕು. ಕಳ್ಳರ ಹೆದರಿಕೆ ಇದ್ದದ್ದೂ ಇಲ್ಲಿಯೇ.

ಯೆಹೂದ್ಯರು ಸಮಾರ್ಯವನ್ನು ತುಳಿಯುತ್ತಲೇ ಇರಲಿಲ್ಲ ಎಂಬುದು ತಪ್ಪು. ಮೊದಲ ಶತಮಾನದ ಯೆಹೂದಿ ಚರಿತ್ರಕಾರ ಜೊಸೀಫಸ್, ಹಬ್ಬಕ್ಕೆ ಹೋಗುವ ಗಲಿಲಾಯದವರು ಸಮಾರ್ಯದ ಮೂಲಕ ಹೋಗುವುದೇ ರೂಢಿಯೆಂದು ಬರೆದಿದ್ದಾನೆ. ಮೂರು ದಿನದ ಲೆಕ್ಕವೂ ಅವನದೇ. ಅದರ ಅಪಾಯವನ್ನೂ ಅವನೇ ದಾಖಲಿಸಿದ್ದಾನೆ. ಕ್ರಿ.ಶ. 48ರಿಂದ 52ರವರೆಗೆ ಅಧಿಕಾರದಲ್ಲಿದ್ದ ಕುಮಾನುಸ್ ಎಂಬ ರೋಮನ್ ಅಧಿಪತಿಯ ಕಾಲದಲ್ಲಿ, ಇಂದಿನ ಜೆನಿನ್ ಇರುವಲ್ಲಿದ್ದ ಗಿನಾಯ್ ಎಂಬ ಗಡಿಯೂರಿನಲ್ಲಿ ಗಲಿಲಾಯದ ಯಾತ್ರಿಕರ ಮೇಲೆ ಹಲ್ಲೆ ನಡೆದು ಕೊಲೆಯಾಯಿತು. ಸೇಡಿನ ದಾಳಿಗಳು ನಡೆದು, ವ್ಯಾಜ್ಯ ರೋಮಿನ ಚಕ್ರವರ್ತಿ ಕ್ಲಾಡಿಯಸನವರೆಗೆ ಹೋಗಿ, ಕುಮಾನುಸನು ಗಡೀಪಾರಾದ. ಯೆರೂಸಲೇಮಿಗೆ ಹೊರಟವರೆಂಬ ಕಾರಣಕ್ಕೇ ಸಮಾರ್ಯದ ಒಂದು ಹಳ್ಳಿ ಯೇಸುವನ್ನೂ ಶಿಷ್ಯರನ್ನೂ ಸೇರಿಸಿಕೊಳ್ಳಲಿಲ್ಲವೆಂದು ಲೂಕನ ಒಂಬತ್ತನೆಯ ಅಧ್ಯಾಯದಲ್ಲಿದೆ. ಇನ್ನೊಂದು ಸಲ ಅದೇ ಸಮಾರ್ಯದ ಸುಖರ್ ಎಂಬ ಊರಿನ ಬಾವಿಯ ಬಳಿ ಯೇಸು ದಣಿದು ಕುಳಿತಿರುವಾಗ ಶಿಷ್ಯರು ಅದೇ ಊರಿನಲ್ಲಿ ಊಟ ಕೊಳ್ಳಲು ಹೋಗಿದ್ದರು. ಎಂದರೆ ದಾರಿ ತೆರೆದಿತ್ತು, ಆದರೆ ಜನರ ಮನಸ್ಸು ಯಾವಾಗ ಕೆಡುತ್ತದೆಂದು ಹೇಳುವಂತಿರಲಿಲ್ಲ. ಕೊನೆಯ ಪಸ್ಕಕ್ಕೆ ಯೇಸು ಬಂದದ್ದು ಯೆರಿಕೋವಿನ ದಾರಿಯಿಂದ. ಒಬ್ಬನೇ ಬೋಧಕನ ಜೀವನದಲ್ಲಿ ಎರಡೂ ದಾರಿಗಳ ಉಲ್ಲೇಖವಿರುವಾಗ, ನಜರೇತಿನ ಕುಟುಂಬ ಆ ವರ್ಷ ಇಂಥದೇ ದಾರಿಯಲ್ಲಿ ನಡೆಯಿತೆಂದು ಖಚಿತವಾಗಿ ಹೇಳುವುದು ಸಲ್ಲದು. ದೊಡ್ಡ ತಂಡ, ಜೊತೆಯಲ್ಲಿ ಮಕ್ಕಳು, ಮನೆಗೆ ಮರಳುವ ತವಕ, ಇವನ್ನೆಲ್ಲ ನೋಡಿದರೆ ಬೆಟ್ಟದ ದಾರಿಯೇ ಹೆಚ್ಚು ಸಂಭವನೀಯ ಎಂಬುದು ನನ್ನ ಅಭಿಪ್ರಾಯ.

ಆ ದಾರಿಯಲ್ಲಿ ಯೆರೂಸಲೇಮಿನಿಂದ ಉತ್ತರಕ್ಕೆ ಸುಮಾರು 15 ಕಿಲೋಮೀಟರ್ ದೂರದಲ್ಲಿ ಎಲ್-ಬಿರೇ ಎಂಬ ಊರಿದೆ. ಮಗನಿಲ್ಲದ್ದು ಗೊತ್ತಾದದ್ದು ಅಲ್ಲೇ ಎಂದು ಮಧ್ಯಯುಗದ ಯಾತ್ರಿಕರು ನಂಬಿದ್ದರು. ಧರ್ಮಯುದ್ಧಗಳ ಕಾಲದ ಚರ್ಚಿನ ಅವಶೇಷವೂ ಅಲ್ಲಿದೆ. ಇದು ನಂತರದ ಐತಿಹ್ಯ, ಪುರಾವೆಯಲ್ಲ. ದೂರವೇನೋ ಅಸಂಭವವಲ್ಲ: ಎಲ್ಲರೂ ಕೂಡಿ, ಗಂಟುಮೂಟೆ ಕಟ್ಟಿ, ಹಬ್ಬದ ಜಂಗುಳಿಯ ನಗರದಿಂದ ಹೊರಬೀಳುವಷ್ಟರಲ್ಲಿ ಹೊತ್ತೇರಿರುತ್ತದೆ, ದೊಡ್ಡ ತಂಡಗಳು ಮೊದಲ ದಿನ ಕಡಿಮೆ ನಡೆಯುವುದು ಸಾಮಾನ್ಯ.

ಆಮೇಲಿನ ಮೂರು ದಿನಗಳನ್ನು ಬಹುಮಂದಿ ಲೆಕ್ಕ ಹಾಕುವುದು ಹೀಗೆ: ಹೋದದ್ದು ಒಂದು ದಿನ, ಮರಳಿದ್ದು ಒಂದು ದಿನ, ಸಿಕ್ಕಿದ್ದು ಮೂರನೆಯ ದಿನ. ನಗರದಲ್ಲೇ ಮೂರು ದಿನ ಹುಡುಕಿದರೆಂದು ಓದುವವರೂ ಇದ್ದಾರೆ. ವಾಕ್ಯ ಎರಡಕ್ಕೂ ಎಡೆಕೊಡುತ್ತದೆ. ನನ್ನನ್ನು ಹೆಚ್ಚು ಕಾಡುವುದು ಆ ಮರುಪ್ರಯಾಣ. ತಂಡ ಮುಂದೆ ಹೋಗುವಾಗ ಅವರು ತಂಡದ ರಕ್ಷಣೆಯನ್ನು ಬಿಟ್ಟು ಹಿಂದಕ್ಕೆ ತಿರುಗಿದರು. ಅವರ ಜೊತೆ ಬಂಧುಗಳು ಯಾರಾದರೂ ಬಂದರೋ ಇಲ್ಲವೋ ಲೂಕನು ಹೇಳುವುದಿಲ್ಲ. ಹಬ್ಬ ಮುಗಿಸಿ ಊರಿಗೆ ಮರಳುವ ಬೇರೆ ಬೇರೆ ತಂಡಗಳು ದಾರಿಯುದ್ದಕ್ಕೂ ಎದುರಾಗಿರಬೇಕು, ಒಂದೊಂದು ತಂಡವನ್ನೂ ನಿಲ್ಲಿಸಿ ಮಗನನ್ನು ಕಂಡಿರಾ ಎಂದು ಕೇಳಿರಬೇಕು ಎಂಬುದು ನನ್ನ ಊಹೆ. ನಿನ್ನ ತಂದೆಯೂ ನಾನೂ ಎಷ್ಟೋ ತಳಮಳಪಟ್ಟು ಹುಡುಕಿದೆವು ಎಂಬರ್ಥದ ಮರಿಯಳ ಮಾತನ್ನು ಲೂಕನು ಮುಚ್ಚಿಡದೆ ಬರೆದಿದ್ದಾನೆ. ಅಜಾಗರೂಕಳಾದ ತಾಯಿಯ ಮಾತಲ್ಲ ಅದು.

ನಾಟಕಕ್ಕೆ ನಿಮ್ಮ ಮುಂದೆ ಮೂರು ಬಗೆಗಳಿವೆ. ಲೂಕನ ಮಾತುಗಳಿಗಷ್ಟೇ ಅಂಟಿಕೊಂಡರೆ ತಪ್ಪಾಗುವುದಿಲ್ಲ, ಆದರೆ ಹುಡುಗಿಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಗಂಡಸರ ಗುಂಪು, ಹೆಂಗಸರ ಗುಂಪು ಎಂದು ತೋರಿಸಿದರೆ ರಂಗದ ಮೇಲೆ ಸುಲಭವಾಗಿ ಅರ್ಥವಾಗುತ್ತದೆ. ಆದರೆ ಮಕ್ಕಳು ನೋಡಿದ್ದನ್ನು ಬೈಬಲಿನಲ್ಲೇ ಇದೆ ಎಂದು ಜೀವನವಿಡೀ ನಂಬುತ್ತಾರೆ, ಜೊತೆಗೆ ತಪ್ಪು ತಂದೆಯದೋ ತಾಯಿಯದೋ ಎಂಬ ಬೇಡದ ಚರ್ಚೆ ಹುಟ್ಟುತ್ತದೆ. ಮೂರನೆಯ ಬಗೆ, ಬಂಧುಗಳ ಒಂದೇ ದೊಡ್ಡ ತಂಡವನ್ನು ತೋರಿಸಿ, ಹುಡುಗ ಹೋಗುವಾಗಿನ ದೃಶ್ಯದಲ್ಲಿ ಒಬ್ಬರಿಂದ ಒಬ್ಬರ ಬಳಿಗೆ ಓಡಾಡುವುದನ್ನೂ, ಬರುವಾಗಿನ ದೃಶ್ಯದಲ್ಲಿ ಅವನಿಲ್ಲದಿದ್ದರೂ ಯಾರಿಗೂ ಸಂಶಯ ಬಾರದಿರುವುದನ್ನೂ ತೋರಿಸುವುದು. ಇದಕ್ಕೆ ಹೆಚ್ಚು ಮಕ್ಕಳು ಬೇಕು, ಅಭ್ಯಾಸವೂ ಹೆಚ್ಚು ಬೇಕು. ಬಂಧುಗಳ ಸಂಭಾಷಣೆಗಳು ನಿಮ್ಮ ರಚನೆಯೆಂದು ನಿರೂಪಕನ ಬಾಯಲ್ಲಿ ಒಂದು ಮಾತು ಹೇಳಿಸಬೇಕು. ಹಾಗಿದ್ದರೂ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ, ಏಕೆಂದರೆ ಪ್ರಶ್ನೆಗೆ ಉತ್ತರ ನೋಡುವವರ ಕಣ್ಣೆದುರೇ ಸಿಗುತ್ತದೆ.

ಒಂಟೆಗಳನ್ನು ಬಿಡಿ. ಒಂಟೆ ದೂರದ ವರ್ತಕರದು. ಹಳೆಯ ಒಡಂಬಡಿಕೆಯ ಯೋಸೇಫನನ್ನು ಐಗುಪ್ತಕ್ಕೆ ಒಯ್ದ ಇಷ್ಮಾಯೇಲ್ಯರ ಸಾರ್ಥದಲ್ಲಿ ಅದಕ್ಕೆ ಸರಿಯಾದ ಜಾಗವಿದೆ. ಹಳ್ಳಿಯ ಯಾತ್ರಿಕರು ನಡೆದೇ ಹೋಗುತ್ತಿದ್ದರು, ಹೊರೆಗೆ, ವಯಸ್ಸಾದವರಿಗೆ ಕೆಲವು ಕತ್ತೆಗಳಿದ್ದಾವು. ಕಲ್ಲು ಹಾಸಿದ ರೋಮನ್ ರಸ್ತೆಯನ್ನೂ ಪರದೆಯ ಮೇಲೆ ಬರೆಸಬೇಡಿ: ಆ ನಾಡಿನಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ರೋಮನ್ ಮೈಲಿಗಲ್ಲು ಕ್ರಿ.ಶ. 69ರದು, ಈ ಕತೆಗಿಂತ ಅರ್ಧ ಶತಮಾನಕ್ಕೂ ಹೆಚ್ಚು ನಂತರದ್ದು. ಮಣ್ಣಿನ ದಾರಿ, ಕೋಲು, ಕೆರ, ನೀರಿನ ಚರ್ಮದ ಚೀಲ, ರೊಟ್ಟಿ, ಒಣ ಅಂಜೂರ ಇಷ್ಟಿದ್ದರೆ ಸಾಕು. ದಾರಿಬದಿಯಲ್ಲಿ ಸುಣ್ಣ ಬಳಿದ ಒಂದೆರಡು ಸಮಾಧಿಗಳನ್ನು ಇಟ್ಟರೆ ಇನ್ನೂ ಚೆನ್ನ. ಪಸ್ಕಕ್ಕೆ ಒಂದು ತಿಂಗಳ ಮುಂಚೆ ರಸ್ತೆಗಳನ್ನು ದುರಸ್ತಿ ಮಾಡಿ ಸಮಾಧಿಗಳನ್ನು ಗುರುತು ಮಾಡುತ್ತಿದ್ದರೆಂದು ಮಿಷ್ನಾ ಹೇಳುತ್ತದೆ, ತಿಳಿಯದೆ ಮುಟ್ಟಿ ಮೈಲಿಗೆಯಾದ ಯಾತ್ರಿಕ ಹಬ್ಬಕ್ಕೆ ಸೇರುವಂತಿರಲಿಲ್ಲ. ನಿಮ್ಮ ಮಕ್ಕಳಲ್ಲಿ ಯಾರಾದರೂ ಅದೇಕೆಂದು ಕೇಳಿದರೆ, ಸುಣ್ಣ ಹಚ್ಚಿದ ಸಮಾಧಿಗಳ ಬಗ್ಗೆ ಮತ್ತಾಯನ 23ನೆಯ ಅಧ್ಯಾಯದಲ್ಲಿರುವ ಯೇಸುವಿನ ಮಾತನ್ನು ಆಗಲೇ ತೆರೆದು ಓದಿಸಬಹುದು.